ಸೀಟಿಯೋ, ಸದ್ದಿಲ್ಲದ ಶಾಖವೋ: ನಮ್ಮ ಕಡೆಯ ಅಡುಗೆಗೆ ಯಾವ ಕುಕ್ಕರ್ ಸರಿ?

ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ, ನನ್ನ ಕೆಲಸ ಹುಬ್ಬಳ್ಳಿಯಲ್ಲಿ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟು ಚಿಗರಿ ಬಸ್ಸು ಹತ್ತಿದರೆ ತಿರುಗಿ ಬರುವುದು ಸಂಜೆ ಆರೂವರೆಗೆ. ಮನೆಯಲ್ಲಿ ಅತ್ತೆ ಇರುತ್ತಾರೆ. ಎರಡು ವರ್ಷದ ಹಿಂದೆ ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಒಲೆಯ ಮುಂದೆ ಹೊತ್ತುಗಟ್ಟಲೆ ನಿಲ್ಲುವುದು ಬೇಡ ಎಂದು ವೈದ್ಯರು ಹೇಳಿದರು. ನಾನು ಕುಕ್ಕರ್ ಇಟ್ಟು ಹೊರಟರೆ, ಮೂರನೇ ಸೀಟಿಗೆ ಎದ್ದು ಹೋಗಿ ಗ್ಯಾಸ್ ಬಂದ್ ಮಾಡುವುದೇ ಅವರಿಗೆ ದೊಡ್ಡ ಕೆಲಸ. ಒಂದು ದಿನ ಏಳಲಾಗಲಿಲ್ಲ. ಸೀಟಿಯ ಮೇಲೆ ಸೀಟಿ ಹೊಡೆದು, ನೀರೆಲ್ಲ ಇಂಗಿ, ಹೆಸರುಕಾಳು ತಳ ಹತ್ತಿ, ಪಕ್ಕದ ಮನೆಯವರು ಓಡಿ ಬಂದು ಬಂದ್ ಮಾಡಿದರು. ಅಂದು ಸಂಜೆಯೇ ನಾನು ಬೇರೆ ದಾರಿ ಹುಡುಕತೊಡಗಿದೆ.

ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ಬಗೆಯ ಪಾತ್ರೆಗಳಲ್ಲಿ ಅಡುಗೆ ಮಾಡಿ ನೋಡಿದ್ದೇನೆ: ಗ್ಯಾಸ್ ಮೇಲಿನ ಪ್ರೆಶರ್ ಕುಕ್ಕರ್, ವಿದ್ಯುತ್ತಿನ ಸ್ಲೋ ಕುಕ್ಕರ್, ವೈನಿಯ ಮನೆಯಿಂದ ತಿಂಗಳೊಪ್ಪತ್ತಿಗೆ ತಂದ ಮಲ್ಟಿ ಕುಕ್ಕರ್ ಮತ್ತು ಶಾಖ ಹಿಡಿದಿಡುವ ಥರ್ಮಲ್ ಕುಕ್ಕರ್. ಕೇಳಿದವರಿಗೆಲ್ಲ ನಾನು ಮೊದಲು ಒಂದು ಮಾತು ಹೇಳುತ್ತೇನೆ. ಯಾವುದರಲ್ಲಿ ಬೇಗ ಬೇಯುತ್ತದೆ ಎಂದು ಕೇಳಿ ಕೊಂಡರೆ ತಪ್ಪು ಪಾತ್ರೆ ಮನೆಗೆ ಬರುತ್ತದೆ. ಬೇಯುವ ಹೊತ್ತಿನಲ್ಲಿ ಒಲೆಯ ಹತ್ತಿರ ಯಾರಿರುತ್ತಾರೆ ಎಂದು ಕೇಳಿಕೊಳ್ಳಿ. ಉತ್ತರ ಮನೆಮನೆಗೆ ಬೇರೆಯಾಗುತ್ತದೆ, ಪಾತ್ರೆಯೂ ಬೇರೆಯಾಗುತ್ತದೆ.

ಕೋಡೊಲೆಯ ಕೆಲಸ

ನಮ್ಮ ಅತ್ತೆಯ ತವರು ಗದಗ ಜಿಲ್ಲೆಯ ರೋಣದ ಕಡೆ. ಅವರ ಮನೆಯ ಒಲೆಗೆ ಪಕ್ಕದಲ್ಲೊಂದು ಕೋಡೊಲೆ ಇತ್ತು. ಮುಖ್ಯ ಒಲೆಯಲ್ಲಿ ರೊಟ್ಟಿ ಬೇಯುತ್ತಿದ್ದರೆ, ಒಳಗಿನ ಕಿಂಡಿಯಿಂದ ಹಾದುಬಂದ ಬಿಸಿಯ ಮೇಲೆ ಕೋಡೊಲೆಯಲ್ಲಿ ಹುರಳಿಯೋ ಹಾಲೋ ಇರುತ್ತಿತ್ತು. ಅದಕ್ಕೆ ಬೇರೆ ಸೌದೆಯಿಲ್ಲ, ಅದನ್ನು ಕಾಯುವವರೂ ಇಲ್ಲ. ರೊಟ್ಟಿ ಮುಗಿದ ಮೇಲೆ ಕೆಂಡ ಆರುವವರೆಗೂ ಗಡಿಗೆ ಅಲ್ಲೇ ಕೂತಿರುತ್ತಿತ್ತು. ನಾನು ಸ್ಲೋ ಕುಕ್ಕರ್ ತಂದು ಅದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿದಾಗ ಅತ್ತೆ ಅರ್ಧಕ್ಕೇ ತಡೆದು, "ಇದು ಕೋಡೊಲೆಯೇ ಬಿಡು" ಎಂದರು. ಅದಕ್ಕಿಂತ ಚೆನ್ನಾದ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ಸ್ಲೋ ಕುಕ್ಕರ್ ಹುಟ್ಟಿದ್ದೂ ಇಂಥದೇ ನೆನಪಿನಿಂದ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬುವರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಸಂಪ್ರದಾಯ ಪಾಲಿಸುವ ಯಹೂದಿಗಳು ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸಂಜೆಯವರೆಗೆ ಒಲೆ ಹಚ್ಚುವುದಿಲ್ಲ. ನ್ಯಾಕ್ಸನ್ ಅವರ ತಾಯಿಯ ಊರಾದ ವಿಲ್ನಿಯಸ್‌ನಲ್ಲಿ ಆ ಸಂಜೆ ಕಾಳು ಮತ್ತು ಮಾಂಸ ತುಂಬಿದ ಗಡಿಗೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿ ಇಟ್ಟುಬಂದು ಮರುದಿನ ತರುತ್ತಿದ್ದರಂತೆ. ಮನೆಯಲ್ಲಿ ಕೇಳಿದ ಆ ಕಥೆಯೇ ಮಗನಿಗೆ ದಾರಿ ತೋರಿಸಿತು. 1971ರಲ್ಲಿ ರೈವಲ್ ಎಂಬ ಕಂಪನಿ ಅದನ್ನು ಕ್ರಾಕ್ ಪಾಟ್ ಎಂದು ಮಾರತೊಡಗಿದ ಮೇಲೆ, ಕೆಲಸಕ್ಕೆ ಹೋಗುವ ಹೆಂಗಸರ ಮನೆಗಳಲ್ಲಿ ಅದು ಬೇರೂರಿತು.

ಒಳಗಿನ ರಚನೆ ಸರಳ. ಹೊರಗೊಂದು ಲೋಹದ ಕವಚ, ಅದರೊಳಗೆ ಸುತ್ತಲೂ ಬಿಸಿಯಾಗುವ ಪಟ್ಟಿ, ನಡುವೆ ದಪ್ಪ ಪಿಂಗಾಣಿಯ ಗಡಿಗೆ, ಮೇಲೆ ಗಾಜಿನ ಮುಚ್ಚಳ. ಲೋ ಮತ್ತು ಹೈ ಎಂದು ಎರಡು ಮಟ್ಟ. ಬಹಳ ಜನ ಲೋ ಎಂದರೆ ಕಡಿಮೆ ಬಿಸಿ ಎಂದು ತಿಳಿಯುತ್ತಾರೆ. ಎರಡೂ ಕೊನೆಗೆ ಮುಟ್ಟುವುದು ಕುದಿಯುವ ಬಿಂದುವಿನ ಸಮೀಪಕ್ಕೇ. ಹೈ ಮೂರು ನಾಲ್ಕು ಗಂಟೆಯಲ್ಲಿ ಮುಟ್ಟಿದರೆ ಲೋ ಏಳೆಂಟು ಗಂಟೆ ತೆಗೆದುಕೊಳ್ಳುತ್ತದೆ. ಪಕ್ಕದಿಂದ ಮಂದವಾಗಿ ಕಾಯುವುದರಿಂದ ತಳ ಹತ್ತುವುದು ಅಪರೂಪ.

ಇದರಲ್ಲಿ ಏನು ಚೆನ್ನಾಗುತ್ತದೆ

ಗೋಧಿ ಹುಗ್ಗಿ. ಇದೊಂದಕ್ಕಾಗಿಯೇ ಸ್ಲೋ ಕುಕ್ಕರ್ ಕೊಳ್ಳಬಹುದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕುಟ್ಟಿದ ಗೋಧಿಯನ್ನು ಮಧ್ಯಾಹ್ನ ನೆನೆಹಾಕಿ, ರಾತ್ರಿ ಹತ್ತಕ್ಕೆ ಒಂದು ಕುದಿ ಬರಿಸಿ, ಒಂದು ಬಟ್ಟಲು ಗೋಧಿಗೆ ಮೂರೂವರೆ ಬಟ್ಟಲು ಬಿಸಿನೀರು ಲೆಕ್ಕದಲ್ಲಿ ಗಡಿಗೆಗೆ ಸುರಿದು ಲೋಗೆ ತಿರುಗಿಸಿ ಮಲಗಿದೆ. ಬೆಳಿಗ್ಗೆ ಐದಕ್ಕೆ ಎದ್ದಾಗ ಅಡುಗೆಮನೆ ತುಂಬ ಹೊಸ ಗೋಧಿಯ ವಾಸನೆ. ಮುಚ್ಚಳದ ಒಳಬದಿಯಲ್ಲಿ ಹನಿಗಳು ಸಾಲಾಗಿ ನೇತಾಡುತ್ತಿದ್ದವು. ಕಾಳು ಹೊಟ್ಟೆ ಬಿರಿದು, ಒಳಗಿನ ಬಿಳಿ ಹೊರಗೆ ಬಂದು, ನೀರೆಲ್ಲ ಗಂಜಿಯಂತೆ ಗಟ್ಟಿಯಾಗಿತ್ತು. ಒಂದು ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆಯೂ ಉಳಿಯದಂತೆ ಸವರಿಹೋಯಿತು. ಆಗ ಕರಗಿಸಿ ಸೋಸಿದ ಬೆಲ್ಲ ಹಾಕಿ ಹೈಗೆ ತಿರುಗಿಸಿದೆ. ಮುಕ್ಕಾಲು ಗಂಟೆಯ ನಂತರ ಗಸಗಸೆ, ಒಣಕೊಬ್ಬರಿ, ಏಲಕ್ಕಿ, ಚೂರು ಜಾಜಿಕಾಯಿ.

ಬೆಲ್ಲವನ್ನು ಮೊದಲೇ ಹಾಕಬೇಡಿ. ಬೆಲ್ಲ ಬಿದ್ದ ಮೇಲೆ ಕಾಳು ಮೆತ್ತಗಾಗುವುದು ಬಹಳ ಮಂದವಾಗುತ್ತದೆ. ಹುಣಸೆಹಣ್ಣು ಮತ್ತು ಟೊಮೆಟೊಗೂ ಇದೇ ಮಾತು. ಎಂಟು ಗಂಟೆ ಬೆಂದರೂ ಹುರಳಿ ಗಟ್ಟಿಯಾಗಿಯೇ ಇದೆ ಎಂದು ನನ್ನ ಗೆಳತಿ ಬೇಸರಪಟ್ಟಿದ್ದಳು. ಅವಳು ಹುಣಸೆರಸವನ್ನು ಮೊದಲೇ ಸುರಿದಿದ್ದಳು. ಬೋರ್ ನೀರೂ ಇದೇ ತೊಂದರೆ ಕೊಡುತ್ತದೆ, ಅದರಲ್ಲಿರುವ ಸುಣ್ಣದಂಶ ಕಾಳನ್ನು ಬಿಗಿ ಹಿಡಿಯುತ್ತದೆ. ನಮ್ಮ ಅವಳಿ ನಗರದಲ್ಲಿ ಮಲಪ್ರಭೆಯ ನೀರು ದಿನಾಲೂ ಬರುವುದಿಲ್ಲವಾದ್ದರಿಂದ, ಕಾಳು ಬೇಯಿಸಲು ಒಂದು ಕೊಡ ನಳದ ನೀರು ಬೇರೆ ತೆಗೆದಿಡುತ್ತೇನೆ.

ಹುಗ್ಗಿಯ ನಂತರ ನಾನು ಹೆಚ್ಚು ಮಾಡುವುದು ಜೋಳದ ನುಚ್ಚು. ಗ್ಯಾಸ್ ಮೇಲೆ ಇದನ್ನು ಮಾಡಿದವರಿಗೆ ಗೊತ್ತು, ಸೌಟು ಬಿಟ್ಟರೆ ತಳ ಹಿಡಿಯುತ್ತದೆ, ಹತ್ತಿರ ನಿಂತರೆ ಕೈಗೆ ಸಿಡಿಯುತ್ತದೆ. ಸ್ಲೋ ಕುಕ್ಕರಿನಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ಒಮ್ಮೆ ಕಲಸಿದರೆ ಸಾಕು. ಬೇಸಿಗೆಯಲ್ಲಿ ಅದನ್ನು ಆರಿಸಿ, ಮಜ್ಜಿಗೆ ಬೆರೆಸಿ, ಉಳ್ಳಾಗಡ್ಡಿ ಕಚ್ಚಿಕೊಂಡು ತಿಂದು ಬಸ್ಸು ಹತ್ತಿದರೆ ಮಧ್ಯಾಹ್ನದವರೆಗೆ ಹೊಟ್ಟೆ ತಂಪು.

ಹುರಳಿ ಕಟ್ಟು, ಕಡಲೆಕಾಳಿನ ಸಾರು, ಅಲಸಂದೆ ಇವೆಲ್ಲ ಬಹಳ ಚೆನ್ನಾಗುತ್ತವೆ. ಮಾಂಸದ ಅಡುಗೆ ಮಾಡುವ ಮನೆಗಳಿಗೆ ಇದು ಇನ್ನೂ ಹೆಚ್ಚು ಉಪಯೋಗ. ಎಲುಬಿನ ಸುತ್ತಲಿನ ಗಡಸು ನಾರು ಮಂದ ಶಾಖದಲ್ಲಿ ಗಂಟೆಗಟ್ಟಲೆ ಇದ್ದಾಗ ಕರಗಿ ಸಾರಿಗೆ ಮೈ ಕೊಡುತ್ತದೆ. ಹುಬ್ಬಳ್ಳಿಯ ಸಾವಜಿ ಮನೆಯ ನನ್ನ ಗೆಳತಿ ಮಸಾಲೆಯನ್ನೆಲ್ಲ ಎಣ್ಣೆಯಲ್ಲಿ ಹುರಿದು, ಮಟನ್ ಅನ್ನು ಅದರಲ್ಲೇ ಬಾಡಿಸಿ, ಆಮೇಲೆ ಗಡಿಗೆಗೆ ಹಾಕುತ್ತಾಳೆ. ಹುರಿಯುವ ಕೆಲಸ ಬಿಟ್ಟರೆ ಆ ರುಚಿ ಬರುವುದಿಲ್ಲ ಎಂದು ಅವಳು ಖಂಡಿತವಾಗಿ ಹೇಳುತ್ತಾಳೆ.

ಅದು ಎಲ್ಲ ಅಡುಗೆಗೂ ಸಲ್ಲುವ ಮಾತು. ಗಡಿಗೆಯೊಳಗಿನ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ಸಾಸಿವೆ ಸಿಡಿಯುವುದಿಲ್ಲ, ಉಳ್ಳಾಗಡ್ಡಿ ಕೆಂಪಗಾಗುವುದಿಲ್ಲ, ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಎಣ್ಣೆಗೆ ಇಳಿಯುವುದಿಲ್ಲ. ಒಗ್ಗರಣೆಯ ಸೌಟು ಗ್ಯಾಸ್ ಮೇಲೆ ಏರಲೇಬೇಕು. ನಾನು ಸಂಜೆ ಬಂದು ಕೈಕಾಲು ತೊಳೆದು ಐದು ನಿಮಿಷದಲ್ಲಿ ಅದನ್ನು ಮುಗಿಸುತ್ತೇನೆ. ಬೆಂದ ಹುರಳಿಯ ಮೇಲೆ ಬಿಸಿ ಒಗ್ಗರಣೆ ಬಿದ್ದಾಗ ಏಳುವ ಚುಂಯ್ ಸದ್ದಿಗೆ ಓದುತ್ತ ಕೂತ ಮಗಳು ತಾನಾಗಿ ತಾಟು ಹಾಕಲು ಬರುತ್ತಾಳೆ.

ಏನು ಮಾಡಬಾರದು ಎಂದೂ ಹೇಳಬೇಕು. ಎಣ್ಣೆಗಾಯಿ ಬದನೆಕಾಯಿ ಇದರಲ್ಲಿ ನೀರು ಬಿಟ್ಟುಕೊಂಡು ಸೊರಗುತ್ತದೆ. ಮೊಳಕೆ ಬಂದ ಮಡಕೆಕಾಳು ಕರಗಿ ಮುದ್ದೆಯಾಗುತ್ತದೆ, ಪಲ್ಯ ಎನ್ನಲು ಬರುವುದಿಲ್ಲ. ಅನ್ನ ಬೇಡವೇ ಬೇಡ. ಹೋಳಿಗೆಯ ಹೂರಣಕ್ಕೆ ಕಡಲೆಬೇಳೆ ಬೇಯಿಸಲು ನಾನು ಈಗಲೂ ತೆರೆದ ಪಾತ್ರೆಯನ್ನೇ ಬಳಸುತ್ತೇನೆ. ಬೇಳೆ ಬೆರಳಿಗೆ ಹಿಸುಕಬೇಕು, ಆದರೆ ಆಕಾರ ಬಿಡಬಾರದು. ಆ ಹದ ಕಣ್ಣೆದುರೇ ನೋಡಬೇಕಾದದ್ದು. ಮುಚ್ಚಿಟ್ಟು ಮರೆತರೆ ಕಟ್ಟು ಗಂಜಿಯಾಗುತ್ತದೆ, ಹೋಳಿಗೆಯ ಸಾರೂ ಕೆಡುತ್ತದೆ, ಹೂರಣವೂ ಕೆಡುತ್ತದೆ.

ಸೀಟಿ ಹೊಡೆಯುವ ಕುಕ್ಕರ್

ಇದನ್ನು ಯಾರೂ ಮಾರಿಬಿಡಬೇಡಿ. ಒಳಗಿನ ಒತ್ತಡದಿಂದ ನೀರು 120 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ, ಅದಕ್ಕೇ ತೊಗರಿಬೇಳೆ ಹತ್ತು ಹದಿನೈದು ನಿಮಿಷದಲ್ಲಿ ಬೇಯುತ್ತದೆ. ಬೆಳಿಗ್ಗೆ ನೀವೇ ಅಡುಗೆಮನೆಯಲ್ಲಿದ್ದು, ಒಂದು ಕಡೆ ರೊಟ್ಟಿ ತಟ್ಟುತ್ತ ಇನ್ನೊಂದು ಕಡೆ ಬೇಳೆ ಇಡುವವರಾದರೆ, ಬೇರೆ ಯಾವುದೂ ಇದಕ್ಕೆ ಸಮ ಬರುವುದಿಲ್ಲ. ಹಠಾತ್ತನೆ ನೆಂಟರು ಬಂದರೆ ಸ್ಲೋ ಕುಕ್ಕರ್ ಯಾವ ಕೆಲಸಕ್ಕೂ ಬಾರದು. ಇದರ ಕೊರತೆ ಒಂದೇ: ಸೀಟಿ ಎಣಿಸಲು ಕಿವಿ ಬೇಕು, ಬಂದ್ ಮಾಡಲು ಕೈ ಬೇಕು. ಒಂಟಿಯಾಗಿರುವ ವಯಸ್ಸಾದವರಿಗೆ, ಕಿವಿ ಮಂದವಾದವರಿಗೆ, ಮಗುವನ್ನು ಬಿಟ್ಟು ಏಳಲಾಗದ ಬಾಣಂತಿಗೆ ಇದು ಆತಂಕದ ವಸ್ತು.

ಮಲ್ಟಿ ಕುಕ್ಕರ್

ವಿದ್ಯುತ್ತಿನಲ್ಲೇ ಒತ್ತಡ ಕಟ್ಟಿ, ಹೊತ್ತಾದ ಮೇಲೆ ತಾನೇ ನಿಲ್ಲುವ ಪಾತ್ರೆ ಇದು. ಅದೇ ಪಾತ್ರೆಯಲ್ಲಿ ಒಗ್ಗರಣೆಯನ್ನೂ ಹಾಕಬಹುದು. ಒಂದೇ ವಸ್ತು ಕೊಳ್ಳುವಷ್ಟು ಜಾಗ ಮತ್ತು ಹಣ ಇರುವ ಮನೆಗೆ, ಬಾಡಿಗೆ ಕೋಣೆಯಲ್ಲಿ ಗ್ಯಾಸ್ ಇಲ್ಲದೆ ಓದುವ ಹುಡುಗ ಹುಡುಗಿಯರಿಗೆ ಇದೇ ಸರಿ ಎನ್ನುತ್ತೇನೆ. ಒತ್ತಡ ಗ್ಯಾಸ್ ಕುಕ್ಕರಿಗಿಂತ ತುಸು ಕಡಿಮೆಯಾದ್ದರಿಂದ ನಾಲ್ಕೈದು ನಿಮಿಷ ಹೆಚ್ಚು ಹಿಡಿಯುತ್ತದೆ. ಅದೇನೂ ದೊಡ್ಡದಲ್ಲ.

ಆದರೆ ಅದರ ಮೇಲೆ ಸ್ಲೋ ಕುಕ್ ಎಂದು ಗುಂಡಿ ಇದೆ ಎಂಬ ಒಂದೇ ಕಾರಣಕ್ಕೆ ಸ್ಲೋ ಕುಕ್ಕರ್ ಬೇಡ ಎಂದು ತೀರ್ಮಾನಿಸಬೇಡಿ. ಅದರಲ್ಲಿ ಬಿಸಿ ಬರುವುದು ತಳದಿಂದ ಮಾತ್ರ, ಪಾತ್ರೆ ತೆಳು ಲೋಹದ್ದು. ವೈನಿಯ ಕುಕ್ಕರಿನಲ್ಲಿ ಎಂಟು ಗಂಟೆ ಇಟ್ಟ ಹುಗ್ಗಿಯ ಗೋಧಿ ಮೇಲಿನ ಪದರದಲ್ಲಿ ಅಗಿಯುವಂತೆಯೇ ಉಳಿದಿತ್ತು, ಕೊನೆಗೆ ಒತ್ತಡದಲ್ಲಿ ಮತ್ತೆ ಬೇಯಿಸಿ ಉಂಡೆವು.

ಥರ್ಮಲ್ ಕುಕ್ಕರ್

ಗ್ಯಾಸ್ ಮೇಲೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿದ ಪಾತ್ರೆಯನ್ನು ಶಾಖ ಬಿಡದ ದೊಡ್ಡ ಡಬ್ಬಿಯೊಳಗೆ ಇಳಿಸಿ ಮುಚ್ಚುವುದು. ಕರೆಂಟಿನ ಹಂಗಿಲ್ಲ, ತಳ ಹತ್ತುವ ಭಯವಿಲ್ಲ. ನಮ್ಮ ಹಳ್ಳಿಗಳಲ್ಲಿ ಗಡಿಗೆಯನ್ನು ಬೂದಿಯಲ್ಲಿ ಹೂತಿಡುತ್ತಿದ್ದ ಲೆಕ್ಕವೇ ಇದು. ವಿದ್ಯುತ್ ಪದೇ ಪದೇ ಕೈಕೊಡುವ ಹಾವೇರಿ, ಗದಗ ಕಡೆಯ ಊರುಗಳಲ್ಲಿರುವವರಿಗೆ, ಹೊಲಕ್ಕೆ ಬುತ್ತಿ ಒಯ್ಯುವವರಿಗೆ ನಾನು ಸ್ಲೋ ಕುಕ್ಕರಿಗಿಂತ ಇದನ್ನೇ ಹೇಳುತ್ತೇನೆ. ಪಾತ್ರೆ ಮುಕ್ಕಾಲು ಭಾಗವಾದರೂ ತುಂಬಿರಬೇಕು. ಅರ್ಧ ಖಾಲಿ ಇದ್ದರೆ ಬೇಗ ಆರುತ್ತದೆ. ಮೂರು ನಾಲ್ಕು ಗಂಟೆಯ ನಂತರ ತೆಗೆದು ಮತ್ತೆ ಕುದಿಸಿ ಉಣ್ಣಬೇಕು. ಬೇಳೆ, ಅಕ್ಕಿ, ನೆನೆದ ಹೆಸರುಕಾಳಿಗೆ ಚೆನ್ನು. ಕಡಲೆ, ಹುರಳಿಯಂಥ ಗಡಸು ಕಾಳಿಗೆ ಶಾಖ ಸಾಲದು.

ಕರೆಂಟು ಮತ್ತು ಬಿಲ್ಲು

ಸ್ಲೋ ಕುಕ್ಕರ್ ವಿದ್ಯುತ್ ಉಳಿಸುತ್ತದೆ ಎಂದು ಮಾರುವವರು ಹೇಳುತ್ತಾರೆ. ಲೆಕ್ಕ ಹಾಕೋಣ. ನನ್ನ ಮೂರೂವರೆ ಲೀಟರಿನ ಗಡಿಗೆಯ ತಳದಲ್ಲಿ 200 ವ್ಯಾಟ್ ಎಂದು ಬರೆದಿದೆ. ಎಂಟು ಗಂಟೆ ಪೂರ್ತಿ ಎಳೆದರೂ 1.6 ಯೂನಿಟ್. ಸಾವಿರ ವ್ಯಾಟಿನ ಮಲ್ಟಿ ಕುಕ್ಕರ್ ಇದೇ ಕಾಳನ್ನು ಅರ್ಧ ಯೂನಿಟ್ಟಿನ ಆಸುಪಾಸಿನಲ್ಲಿ ಬೇಯಿಸುತ್ತದೆ. ಹಾಗಾಗಿ ಉಳಿತಾಯಕ್ಕಾಗಿ ಸ್ಲೋ ಕುಕ್ಕರ್ ಕೊಳ್ಳಬೇಡಿ. ಉಳಿಯುವುದು ಗ್ಯಾಸ್ ಮತ್ತು ಮನುಷ್ಯರ ಹೊತ್ತು. ವಾರಕ್ಕೆ ಎರಡು ಸಲ ಬಳಸಿದರೆ ತಿಂಗಳಿಗೆ ಹದಿಮೂರು ಹದಿನಾಲ್ಕು ಯೂನಿಟ್ ಮೀರುವುದಿಲ್ಲ. ಗೃಹಜ್ಯೋತಿಯ 200 ಯೂನಿಟ್ ಗಡಿಯ ಅಂಚಿನಲ್ಲಿರುವ ಮನೆಯವರು ಮಾತ್ರ ಮೀಟರ್ ನೋಡಿಕೊಳ್ಳಿ, ಏಕೆಂದರೆ ಆ ಗಡಿ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

ಬಿಲ್ಲಿಗಿಂತ ದೊಡ್ಡ ಚಿಂತೆ ಕರೆಂಟು ಹೋಗುವುದು. ಕಳೆದ ಮಳೆಗಾಲದಲ್ಲಿ ಒಂದು ದಿನ ಕಡಲೆಕಾಳು ಇಟ್ಟು ಹೋಗಿದ್ದೆ. ಅತ್ತೆ ಊರಿಗೆ ಹೋಗಿದ್ದರು. ಸಂಜೆ ಬಂದಾಗ ಕುಕ್ಕರಿನ ದೀಪ ಉರಿಯುತ್ತಿತ್ತು, ಗಡಿಗೆ ಬೆಚ್ಚಗಿತ್ತು, ಕಾಳು ಅರೆಬೆಂದಿತ್ತು. ಎಷ್ಟು ಹೊತ್ತು ಆರಿತ್ತು ಎಂದು ತಿಳಿಯಲು ದಾರಿಯೇ ಇರಲಿಲ್ಲ. ಪೂರ್ತಿ ಚೆಲ್ಲಿದೆ. ಅನ್ನ ಚೆಲ್ಲುವುದು ನಮ್ಮ ಮನೆಗಳಲ್ಲಿ ಎಷ್ಟು ಕಷ್ಟದ ಮಾತು ಎಂದು ನಿಮಗೆ ಗೊತ್ತು. ಆದರೂ ಚೆಲ್ಲಬೇಕು. ಬೇಯಿಸಿದ್ದು 60 ಡಿಗ್ರಿಗಿಂತ ಕೆಳಗಿಳಿದು ಎರಡು ಗಂಟೆ ಮೀರಿ ಕೂತರೆ ರೋಗಾಣುಗಳು ಬೆಳೆಯುತ್ತವೆ, ಮತ್ತೆ ಕುದಿಸಿದರೂ ಅವು ಬಿಟ್ಟ ವಿಷವೆಲ್ಲ ಹೋಗುವುದಿಲ್ಲ. ಈಗ ಅತ್ತೆ ಮನೆಯಲ್ಲಿದ್ದಾಗ ಕರೆಂಟು ಹೋದರೆ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಹೊತ್ತು ಬರೆಯುತ್ತಾರೆ. ಒಂದು ಗಂಟೆಯೊಳಗೆ ಬಾರದಿದ್ದರೆ ಒಳಗಿನದನ್ನು ಪಾತ್ರೆಗೆ ಬಗ್ಗಿಸಿ ಗ್ಯಾಸ್ ಮೇಲೆ ಕುದಿಸುತ್ತಾರೆ. ನಮ್ಮ ಮನೆ ಖಾಲಿ ಇರುವ ದಿನ ನಾನು ಇದನ್ನು ಇಡುವುದೇ ಇಲ್ಲ, ರಾತ್ರಿ ಇಡುತ್ತೇನೆ.

ಇದೇ ಕಾರಣಕ್ಕೆ ಕೊಳ್ಳುವಾಗ ಕೈಯಿಂದ ತಿರುಗಿಸುವ ಗುಂಡಿಯದ್ದನ್ನೇ ಆರಿಸಿ. ಕರೆಂಟು ಬಂದೊಡನೆ ಅದು ಮತ್ತೆ ಶುರುವಾಗುತ್ತದೆ. ಅಂಕಿ ಮೂಡುವ ಚೆಂದದ ಮಾದರಿಗಳಲ್ಲಿ ಹಲವು ಒಮ್ಮೆ ಕರೆಂಟು ಹೋದರೆ ಬಂದ್ ಆಗಿಯೇ ಉಳಿಯುತ್ತವೆ.

ರಾಜಮಾ ಬಗ್ಗೆ ಒಂದು ಎಚ್ಚರಿಕೆಯನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹಸಿ ಕೆಂಪು ರಾಜಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ನಂಜು ಇರುತ್ತದೆ. ಅದು ಸಾಯುವುದು ಭರದಿಂದ ಕುದಿಯುವ ನೀರಿನಲ್ಲಿ. ಮಂದ ಶಾಖದಲ್ಲಿ ಹೋಗುವುದಿಲ್ಲ, 80 ಡಿಗ್ರಿಯ ಸುಮಾರಿಗೆ ನಿಂತರೆ ಇನ್ನೂ ಹೆಚ್ಚುವುದುಂಟು. ತಿಂದ ಕೆಲವೇ ಗಂಟೆಯಲ್ಲಿ ವಾಂತಿ ಭೇದಿ ಶುರುವಾಗುತ್ತದೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿದ ಮೇಲೆ ಮಾತ್ರ ಗಡಿಗೆಗೆ ಹಾಕಿ. ನಾನು ಅರ್ಧ ಗಂಟೆ ಕುದಿಸುತ್ತೇನೆ. ಉಳಿದ ಕಾಳುಗಳಿಗೂ ಒಂದು ಕುದಿ ಕೊಟ್ಟೇ ಹಾಕುವ ರೂಢಿ ಒಳ್ಳೆಯದು, ಬೇಗ ಬೇಯುತ್ತವೆ ಕೂಡ.

ಕೊಳ್ಳಲು ಹೊರಟವರಿಗೆ

ಹುಬ್ಬಳ್ಳಿಯಲ್ಲಿ ನಾನು ಸುತ್ತಿದ ಪಾತ್ರೆ ಅಂಗಡಿಗಳಲ್ಲಿ ಪ್ರೆಶರ್ ಕುಕ್ಕರಿನ ಸಾಲೇ ಇತ್ತು, ಸ್ಲೋ ಕುಕ್ಕರ್ ಇರಲಿಲ್ಲ. ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದೆ. ನಾಲ್ಕು ಜನರ ಮನೆಗೆ ಮೂರೂವರೆ ಲೀಟರ್ ಸಾಕು. ದೊಡ್ಡದನ್ನು ತಂದು ಕಾಲು ಭಾಗ ತುಂಬಿಸಿದರೆ ಅಂಚಿನಲ್ಲಿ ಒಣಗುತ್ತದೆ. ಅರ್ಧದಿಂದ ಮುಕ್ಕಾಲು ತುಂಬುವ ಅಳತೆ ನೋಡಿಕೊಳ್ಳಿ. ಪಿಂಗಾಣಿ ಗಡಿಗೆ ಹೊರಗೆ ತೆಗೆಯಲು ಬರಬೇಕು, ಇಲ್ಲದಿದ್ದರೆ ತೊಳೆಯುವುದು ಶಿಕ್ಷೆ. ಬಿಸಿ ಗಡಿಗೆಗೆ ತಣ್ಣೀರು ಹಾಕಿದರೆ ಬಿರುಕು ಬಿಡುತ್ತದೆ. ಪದೇ ಪದೇ ಮುಚ್ಚಳ ತೆರೆದು ನೋಡುವ ಚಟವಿದ್ದರೆ ಬಿಡಬೇಕು, ಒಮ್ಮೆ ತೆರೆದರೆ ಹೋದ ಬಿಸಿ ತಿರುಗಿ ಕಟ್ಟಲು ಇಪ್ಪತ್ತು ನಿಮಿಷ ಬೇಕು. ಆವಿ ಹೊರಗೆ ಹೋಗದ್ದರಿಂದ ಸಾರಿಗೆ ನೀರನ್ನೂ ಎಂದಿಗಿಂತ ಕಡಿಮೆ ಹಾಕಿ.

ಅಮೆರಿಕದಲ್ಲಿರುವ ಮಗ ಸೊಸೆ ತರುತ್ತೇವೆ ಎಂದರೆ ಬೇಡ ಎನ್ನಿ. ಅಲ್ಲಿಯ ಕುಕ್ಕರ್ 120 ವೋಲ್ಟಿನದು, ನಮ್ಮ ಮನೆಯ ಪ್ಲಗ್ಗಿನಲ್ಲಿ ಬರುವುದು 230. ಪಿನ್ ಬದಲಿಸಿ ಚುಚ್ಚಿದರೆ ಸುಟ್ಟುಹೋಗುತ್ತದೆ. ನಮ್ಮ ಓಣಿಯಲ್ಲೇ ಒಬ್ಬರ ಮನೆಯಲ್ಲಿ ಹೀಗಾಗಿ, ಒಳ್ಳೆಯ ಗಡಿಗೆ ಈಗ ತುಳಸಿಕಟ್ಟೆಯ ಪಕ್ಕ ಸಾಮಾನಿಡುವ ಪಾತ್ರೆಯಾಗಿದೆ.

ಮನೆಗೆ ಬಂದ ಮೊದಲ ದಿನ ಏನನ್ನೂ ಬೇಯಿಸಬೇಡಿ. ಅರ್ಧ ಗಡಿಗೆ ನೀರು ತುಂಬಿ, ಲೋನಲ್ಲಿ ಎಂಟು ಗಂಟೆ ಬಿಡಿ. ಥರ್ಮಾಮೀಟರ್ ಇದ್ದರೆ ಮುಚ್ಚಳ ತೆರೆದ ತಕ್ಷಣ ಅದ್ದಿ ನೋಡಿ, 85 ಡಿಗ್ರಿಗಿಂತ ಮೇಲಿರಬೇಕು. ಕಡಿಮೆ ಇದ್ದರೆ ತಿರುಗಿ ಕಳುಹಿಸಿ. ಸರಿಯಿದ್ದರೆ ಆ ರಾತ್ರಿಯೇ ಒಂದು ಬಟ್ಟಲು ಜೋಳದ ನುಚ್ಚು ತೊಳೆದು, ನಾಲ್ಕೂವರೆ ಬಟ್ಟಲು ಬಿಸಿನೀರು, ಚಿಟಿಕೆ ಉಪ್ಪು ಹಾಕಿ ಇಟ್ಟು ಮಲಗಿ. ಮಜ್ಜಿಗೆಗೆ ಹೆಪ್ಪು ಹಾಕುವುದನ್ನು ಮರೆಯಬೇಡಿ.